ಬೆಳೆಯಬೇಕು, ಬಲಿಯಬಾರದು

“ಓ ಗುಂಪಿನವರಿಗೆ ಓ ಮಾತ್ರ ಆಗೋದು. ಮೂವತ್ತೊಂದು ವರ್ಷ ಇದನ್ನೇ ಬೋರ್ಡ್ ಮೇಲೆ ಬರೆದು ಪಾಠ ಮಾಡಿದೀನಿ ಕಣಮ್ಮ. ಒಂದೋ ಅವರು ತಪ್ಪು ಹೇಳಿರ್ಬೇಕು, ಇಲ್ಲಾ ನೀನು ತಪ್ಪು ಕೇಳಿಸ್ಕೊಂಡಿರ್ಬೇಕು.”

ಅಪ್ಪ ದೇವನಹಳ್ಳಿಯಿಂದ ಫೋನ್ ಮಾಡಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿ ರಿಟೈರ್ ಆದವರು. ಅವರಿಗೆ ಬೆಳಗಿನ ಕಾಫಿ ಹೊತ್ತು, ನನಗೆ ರಾತ್ರಿ. ಟೊರಾಂಟೊದ ಮಕ್ಕಳ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಅದು 2017ರ ಫೆಬ್ರವರಿ. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ನನ್ನ ಹನ್ನೆರಡು ವಾರದ ಮಗಳು ಮಲಗಿದ್ದಳು. ಅವಳ ರಕ್ತ ಓ ಪಾಸಿಟಿವ್. ಡಾಕ್ಟರು ಆ ಸಂಜೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಕೇಳಿದ್ದರು. ಬೇರೆ ಗುಂಪಿನ ಹೃದಯ ಸಿಕ್ಕರೂ ಹಾಕೋಣವೇ, ನಿಮ್ಮ ಒಪ್ಪಿಗೆ ಇದೆಯೇ ಅಂತ.

ನಾನು ತಪ್ಪು ಕೇಳಿಸಿಕೊಂಡಿರಲಿಲ್ಲ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೆ.

ಶುರುವಾದದ್ದು ಸಣ್ಣದಾಗಿ. ನಾವಿದ್ದದ್ದು ವಾಟರ್‌ಲೂನಲ್ಲಿ, ಟೊರಾಂಟೊದಿಂದ ನೂರು ಕಿಲೋಮೀಟರ್ ಆಚೆ. ಜನವರಿ ಕೊನೆಯಲ್ಲಿ ಮಗು ಹಾಲು ಕುಡಿಯುವಾಗ ಮಧ್ಯದಲ್ಲೇ ಬಿಟ್ಟು ಏದುಸಿರು ಬಿಡತೊಡಗಿತು. ಹಣೆಯೆಲ್ಲ ಬೆವರು. ಹೊರಗೆ ಮೈನಸ್ ಹನ್ನೆರಡು ಡಿಗ್ರಿ, ಮಗುವಿನ ಹಣೆಯಲ್ಲಿ ಬೆವರು! ಮೊದಲು ನೋಡಿದ ಡಾಕ್ಟರು ಶೀತ ಅಂದರು. ಎರಡನೇ ಸಲ ಹೋದಾಗ ಹಾಲು ಮೇಲೆ ಬರ್ತಿದೆ, ಕುಡಿಸಿದ ಮೇಲೆ ನೆಟ್ಟಗೆ ಎತ್ತಿಕೊಳ್ಳಿ ಅಂದರು. ಅವರನ್ನು ಈಗ ಬೈಯುವುದಿಲ್ಲ. ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತಕ್ಕೆ ಅದೇ ಇರುತ್ತೇನೋ. ಮೂರನೇ ಸಲ ಮಗುವಿನ ತುಟಿ ಬೂದಿ ಬಣ್ಣಕ್ಕೆ ತಿರುಗಿದಾಗ ಸೀದಾ ಎಮರ್ಜೆನ್ಸಿಗೆ ಓಡಿದೆವು. ಎಕ್ಸ್‌ರೇಯಲ್ಲಿ ಎದೆಗೂಡಿನ ಮುಕ್ಕಾಲು ಭಾಗ ಹೃದಯವೇ ತುಂಬಿಕೊಂಡಿತ್ತು. ಹಿಗ್ಗಿ ಜೋಲುಬಿದ್ದ ಹೃದಯ, ಹಿಂಡುವ ಶಕ್ತಿಯೇ ಇಲ್ಲ. ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನುವ ಪದ ಆವತ್ತು ರಾತ್ರಿ ಕಲಿತೆ. ಬೆಳಗಾಗುವಷ್ಟರಲ್ಲಿ 401 ಹೈವೇ ಮೇಲೆ ಆಂಬುಲೆನ್ಸಿನಲ್ಲಿದ್ದೆವು.

ಹತ್ತು ದಿನ ಔಷಧಿ ನೋಡಿದರು. ಮಿಲ್ರಿನೋನ್ ಅನ್ನೋದು ಡ್ರಿಪ್ಪಿನಲ್ಲಿ ಸದಾ ಹೋಗುತ್ತಿತ್ತು. ಹೃದಯ ಏಳಲಿಲ್ಲ. ಕಸಿಯೇ ದಾರಿ ಅಂದರು.

ಕಸಿಯಲ್ಲಿ ಒಂದು ಗಣಿತವಿದೆ. ಓ ಗುಂಪಿನ ಹೃದಯ ಯಾರಿಗೆ ಬೇಕಾದರೂ ಹೊಂದುತ್ತದೆ. ಓ ಗುಂಪಿನ ರೋಗಿಗೆ ಮಾತ್ರ ಓ ಬಿಟ್ಟು ಬೇರೆ ಯಾವುದೂ ಹೊಂದುವುದಿಲ್ಲ. ಕೊಡುವಾಗ ಎಲ್ಲರಿಗೂ, ತಗೊಳ್ಳುವಾಗ ಒಂದೇ ಬಾಗಿಲು. ಅದೂ ನಾಲ್ಕೂವರೆ ಕೆಜಿ ಮಗುವಿನ ಎದೆಯಲ್ಲಿ ಕೂರುವಷ್ಟು ಚಿಕ್ಕ ಹೃದಯ ಬೇಕು. ಅಂಥದ್ದು ಬರುವುದು ಇನ್ನೊಂದು ಮನೆಯಲ್ಲಿ ಒಂದು ಕೂಸು ಹೋದರೆ ಮಾತ್ರ. ಇದನ್ನು ಯೋಚಿಸದೆ ಕಾಯುವುದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಯೋಚಿಸುತ್ತಲೇ ಕಾದೆ.

ಅಪ್ಪನಿಗೆ ಸಮಾಧಾನವಾಗಲಿಲ್ಲ. ಮಾರನೇ ದಿನ ಆಸ್ಪತ್ರೆಯ ಕಸಿ ವಿಭಾಗದ ನರ್ಸ್ ಕೊಟ್ಟ ಲೇಖನವನ್ನು ಫೋಟೋ ಹೊಡೆದು ವಾಟ್ಸಾಪ್ ಮಾಡಿದೆ. 2001ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ನಾವು ಕೂತಿದ್ದ ಈ ಆಸ್ಪತ್ರೆಯಲ್ಲೇ, ಊರಿನವರು ಸಿಕ್‌ಕಿಡ್ಸ್ ಅಂತ ಕರೆಯುವ ಇಲ್ಲೇ, ಡಾ. ಲೋರಿ ವೆಸ್ಟ್ ಮತ್ತು ಅವರ ತಂಡ 1996ರಿಂದ ಮಾಡಿದ ಕೆಲಸ. ಗುಂಪು ಹೊಂದದ ಹೃದಯವನ್ನು ಹತ್ತು ಕೂಸುಗಳಿಗೆ ಹಾಕಿದ್ದರು. ತೀರಾ ಚಿಕ್ಕದಕ್ಕೆ ಹುಟ್ಟಿ ನಾಲ್ಕು ಗಂಟೆ, ದೊಡ್ಡದಕ್ಕೆ 14 ತಿಂಗಳು. ಎಂಟು ಉಳಿದವು. ತೀರಿಕೊಂಡ ಎರಡಕ್ಕೂ ಗುಂಪಿನ ತಂಟೆ ಕಾರಣವಾಗಿರಲಿಲ್ಲ. ಅದಕ್ಕಿಂತ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. ಪಟ್ಟಿಯಲ್ಲಿ ಕಾಯುತ್ತಲೇ ಸಾಯುವ ಕೂಸುಗಳು ಮೊದಲು ನೂರಕ್ಕೆ 58 ಇದ್ದದ್ದು, ಇದರಿಂದ 7ಕ್ಕೆ ಇಳಿದಿತ್ತು.

ಅಪ್ಪ ಅದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರಂತೆ. ಕೆಂಪು ಪೆನ್ನು ಹಿಡಿದು ಕೂತರಂತೆ. ಅಮ್ಮ ಹೇಳಿದ್ದು. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಅದು, ರಿಟೈರ್ ಆದರೂ ಜೇಬಿನಿಂದ ಇಳಿದಿಲ್ಲ. ಎರಡು ದಿನ ಫೋನ್ ಬರಲಿಲ್ಲ. ಮೂರನೇ ದಿನ ಬಂತು.

“ನಮ್ಮ ಪುಸ್ತಕದಲ್ಲಿ ಎಲ್ಲಾ ಸರಿ ಇದೆ. ವಯಸ್ಸೊಂದು ಬರೆದಿಲ್ಲ ನೋಡು.”

ಅಷ್ಟೇ ವಿಷಯ. ಓ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಆಂಟಿಬಾಡಿ ಇರುತ್ತದೆ. ಅಪ್ಪನ ಪುಸ್ತಕದ ಭಾಷೆಯಲ್ಲಿ ಪ್ರತಿಕಾಯ. ದೊಡ್ಡವರಿಗೆ ಹೊಂದದ ಹೃದಯ ಹಾಕಿದರೆ ಇವು ಅದರ ರಕ್ತನಾಳಗಳ ಒಳಗೋಡೆಗೆ ಮುತ್ತಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟುತ್ತದೆ. ಆಪರೇಷನ್ ಟೇಬಲ್ ಮೇಲೇ ಹೃದಯ ಕಪ್ಪಾಗಿ ನಿಂತುಬಿಡಬಹುದು. ಆದರೆ ಈ ಆಂಟಿಬಾಡಿಗಳು ಹುಟ್ಟುವಾಗಲೇ ಇರುವುದಿಲ್ಲ. ನಾವು ತಿನ್ನುವ ಆಹಾರ, ಕರುಳಲ್ಲಿ ಮನೆ ಮಾಡುವ ಬ್ಯಾಕ್ಟೀರಿಯ, ಇವುಗಳ ಮೈಮೇಲೂ ಎ, ಬಿ ಥರದ್ದೇ ಸಕ್ಕರೆಯ ಗುರುತುಗಳಿರುತ್ತವೆ. ಅವನ್ನು ನೋಡಿ ನೋಡಿ ದೇಹ ನಿಧಾನಕ್ಕೆ ಕಲಿಯುತ್ತದೆ, ಇದು ನಮ್ಮದಲ್ಲ ಅಂತ. ಆ ಪಾಠ ಆಗೋಕೆ ತಿಂಗಳುಗಟ್ಟಲೆ ಬೇಕು. ಮೂರು ತಿಂಗಳ ಮಗು ಇನ್ನೂ ಶಾಲೆಗೇ ಸೇರಿಲ್ಲ.

ಅಮ್ಮ ಪಕ್ಕದಲ್ಲಿದ್ದವಳು ಫೋನ್ ಕಿತ್ಕೊಂಡಳು. “ಇದಕ್ಕೆ ಎರಡು ದಿನ ಪೇಪರ್ ಓದಿದ್ರು ನಿಮ್ಮಪ್ಪ. ಮಾವಿನ ವಾಟೆ ಮೊಳೆತು ಎಲೆ ಇನ್ನೂ ತಾಮ್ರದ ಬಣ್ಣ ಇರುವಾಗ ಕಸಿ ಕಟ್ಟಿದ್ರೆ ಹಿಡಿಯುತ್ತೆ. ಕಾಂಡ ಬಲಿತ ಮೇಲೆ ಹಂಗೆ ಅಂಟಲ್ಲ. ಮಗು ಎಳಸು ಅಲ್ವಾ, ಹಿಡಿಯುತ್ತೆ ಬಿಡು.”

ಹೃದಯಕ್ಕೂ ಮಾವಿಗೂ ಕನ್ನಡದಲ್ಲಿ ಒಂದೇ ಪದ ಇದೆಯಲ್ಲ, ಕಸಿ ಅಂತ. ಆವತ್ತಿನವರೆಗೂ ನಾನದನ್ನು ಗಮನಿಸಿರಲಿಲ್ಲ.

ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೆವು. ಆಮೇಲೆ ಏಳು ವಾರದ ಒಂದು ವಿಚಿತ್ರ ಕಾಯುವಿಕೆ. ಗಂಡ ವಾರಕ್ಕೆರಡು ದಿನ ಕೆಲಸಕ್ಕೆ ವಾಟರ್‌ಲೂಗೆ ಹೋಗಿ ಬರುತ್ತಿದ್ದರು. ನಾನು ಮೆಕಾಲ್ ಸ್ಟ್ರೀಟಿನ ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೌಸ್‌ನಲ್ಲಿ ಇದ್ದೆ. ದೂರದೂರಿನಿಂದ ಬಂದ ಮಕ್ಕಳ ಮನೆಯವರಿಗೆ ಅಲ್ಲಿ ರೂಮು ಸಿಗುತ್ತದೆ, ಅಡುಗೆಮನೆ ಎಲ್ಲರಿಗೂ ಸೇರಿ ಒಂದು. ರಾತ್ರಿ ಅಲ್ಲಿ ತಿಳಿಸಾರು ಕುದಿಸುತ್ತಿದ್ದರೆ ಇಂಗಿನ ವಾಸನೆಗೆ ಯಾರಾದರೊಬ್ಬರು ಬಂದು ಪಾತ್ರೆ ಇಣುಕಿ ನೋಡುತ್ತಿದ್ದರು. ನಿಮ್ಮ ಮಗುವಿಗೇನು ಅಂತ ಅಲ್ಲಿ ಯಾರೂ ಮೊದಲು ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಎಷ್ಟನೇ ಮಹಡಿ ಅಂತ ಕೇಳುತ್ತಾರೆ. ಅದರಲ್ಲೇ ಅರ್ಥವಾಗುತ್ತದೆ.

ದುಡ್ಡಿನ ವಿಷಯ ಊರಲ್ಲಿ ಎಲ್ಲರೂ ಕೇಳುತ್ತಾರೆ, ಅದಕ್ಕೇ ಹೇಳಿಬಿಡುತ್ತೇನೆ. ಒಂಟಾರಿಯೊ ಸರ್ಕಾರದ ಆರೋಗ್ಯ ವಿಮೆ ಇತ್ತು. ಆಪರೇಷನ್ನಿಗೆ ಒಂದು ಡಾಲರೂ ಕೊಡಲಿಲ್ಲ. ಪಾರ್ಕಿಂಗಿಗೆ ಕೊಟ್ಟದ್ದು ಮಾತ್ರ ಕೇಳಬೇಡಿ.

ಆ ಏಳು ವಾರ ನಮ್ಮ ಜೀವನ ಎರಡು ಸಂಖ್ಯೆಗಳ ಮೇಲೆ ನಿಂತಿತ್ತು. ಒಂದು ತೂಕ. ಅದು ಏರಬೇಕು. ಮೂಗಿನ ನಳಿಗೆಯಲ್ಲಿ ಹಾಲು ಇಳಿಸಿ, ದಿನಾ ಬೆಳಗ್ಗೆ ತಕ್ಕಡಿಗೆ ಹಾಕುತ್ತಿದ್ದರು. ಹತ್ತು ಗ್ರಾಂ ಏರಿದರೂ ನರ್ಸ್ ಮುಖ ಅರಳುತ್ತಿತ್ತು. ಇನ್ನೊಂದು ಟೈಟರ್. ವಾರಕ್ಕೊಮ್ಮೆ ರಕ್ತ ತೆಗೆದು ಎ ವಿರುದ್ಧದ ಆಂಟಿಬಾಡಿ ಎಷ್ಟಿದೆ, ಬಿ ವಿರುದ್ಧದ್ದು ಎಷ್ಟಿದೆ ಅಂತ ಅಳೆಯುವುದು. ಅದು ಏರಬಾರದು. ಅಪ್ಪ ಅದನ್ನು ಮಜ್ಜಿಗೆ ಲೆಕ್ಕದಲ್ಲಿ ವಿವರಿಸಿದರು. ಮಜ್ಜಿಗೆಗೆ ಅಷ್ಟೇ ನೀರು ಹಾಕು, ಅದರಲ್ಲಿ ಅರ್ಧ ತಗೊಂಡು ಮತ್ತೆ ಅಷ್ಟೇ ನೀರು ಹಾಕು. ಹೀಗೇ ಹಾಕ್ತಾ ಹೋಗು. ಎಷ್ಟನೇ ಲೋಟದವರೆಗೆ ಉಪ್ಪು ನಾಲಿಗೆಗೆ ಹತ್ತುತ್ತೆ, ಅದೇ ಟೈಟರ್. ಎರಡನೇ ಲೋಟಕ್ಕೇ ನಿಂತರೆ 1:4, ಮೂರನೆಯದಕ್ಕೆ 1:8. ದೊಡ್ಡವರಲ್ಲಿ ನೂರು, ಇನ್ನೂರು ದಾಟುವುದು ಮಾಮೂಲು.

ಮೊದಲ ವಾರ ನಮ್ಮವಳದ್ದು 1:2. ನನ್ನ ರಕ್ತ ಬಿ, ಗಂಡನದ್ದು ಓ. ನಾನೂ ಓ ಆಗಿದ್ದಿದ್ದರೆ ಹೊಟ್ಟೆಯಲ್ಲಿದ್ದಾಗಲೇ ನನ್ನಿಂದ ಒಂದಿಷ್ಟು ಆಂಟಿಬಾಡಿ ಮಗುವಿಗೆ ದಾಟಿರುತ್ತಿತ್ತು ಅಂದರು. ಮೂರನೇ ವಾರ 1:4. ಆರನೇ ವಾರ 1:8.

ಮಗು ದಪ್ಪಗಾಗಲಿ ಅಂತ ಹರಸುವುದು, ಅದೇ ಉಸಿರಿನಲ್ಲಿ ಒಳಗೊಳಗೆ ಬೆಳೆಯದಿರಲಿ ಅಂತ ಬೇಡಿಕೊಳ್ಳುವುದು. ಬೆಳೆಯಬೇಕು, ಬಲಿಯಬಾರದು. ಯಾವ ದೇವರ ಹತ್ತಿರ ಇಂಥದ್ದನ್ನು ಕೇಳೋದು? ಅಮ್ಮ ಅವಳ ಪಾಡಿಗೆ ಚಿಕ್ಕಬಳ್ಳಾಪುರದ ಹತ್ತಿರ ನಂದಿಯ ಭೋಗನಂದೀಶ್ವರನಿಗೆ ಹರಕೆ ಹೊತ್ತಳು. ಹೇಗೆ ಕೇಳಿಕೊಂಡಳೋ ನಾನು ಕೇಳಲಿಲ್ಲ.

ಈ ನಡುವೆ ಬೆಂಗಳೂರಿನ ಸಂಬಂಧಿಕರೊಬ್ಬರು ಫೋನ್ ಮಾಡಿ, ಗುಂಪು ಹೊಂದದ ಕಿಡ್ನಿ ಇಲ್ಲೂ ಹಾಕ್ತಾರಲ್ಲ, ದೊಡ್ಡವರಿಗೇ ಹಾಕ್ತಾರೆ, ಇದೇನು ದೊಡ್ಡ ವಿಷಯ ಅಂದರು. ನಿಜ. ಆದರೆ ಕಿಡ್ನಿಯನ್ನು ಬದುಕಿರುವವರು ಕೊಡುತ್ತಾರೆ. ತಾರೀಕು ಗೊತ್ತುಮಾಡಿಕೊಂಡು, ವಾರಗಟ್ಟಲೆ ಮುಂಚಿನಿಂದ ಔಷಧಿ ಕೊಟ್ಟು, ಪ್ಲಾಸ್ಮಾ, ಅಂದರೆ ಕಣಗಳನ್ನು ಬಿಟ್ಟು ರಕ್ತದ ನೀರಿನಂಥ ಭಾಗ, ಅದನ್ನು ಬದಲಿಸಿ ಆಂಟಿಬಾಡಿ ಇಳಿಸಬಹುದು. ಹೃದಯ ಹೇಳಿಕೇಳಿ ಬರುವುದಿಲ್ಲ. ಬಂದರೆ ನಾಲ್ಕಾರು ಗಂಟೆಯೊಳಗೆ ಬಡಿಯಬೇಕು.

ನಮಗೆ ಬಂದದ್ದು ಏಪ್ರಿಲ್ ಮೊದಲ ವಾರ, ರಾತ್ರಿ ಒಂದೂವರೆಗೆ. ಗಂಡ ಆವತ್ತು ಅಲ್ಲೇ ಇದ್ದರು, ಪುಣ್ಯ. ಹೃದಯ ಸಿಕ್ಕಿದೆ ಅಂದರು. ಗುಂಪು ಎ ಅಂದರು. ಎಲ್ಲಿಂದ, ಯಾರದ್ದು ಅಂತ ಹೇಳುವುದಿಲ್ಲ. ಹೇಳಬಾರದು. ನಾನು ಫೋನ್ ಇಟ್ಟು ಮಂಚದ ಮೇಲೆ ಕೂತು ಕಾಲುಚೀಲ ಹಾಕಿಕೊಂಡೆ. ಒಂದೇ ಕಾಲಿಗೆ ಎರಡೂ ಹಾಕಿದ್ದೆ ಅಂತ ಗೊತ್ತಾದದ್ದು ಆಸ್ಪತ್ರೆ ತಲುಪಿದ ಮೇಲೆ.

ಅವಳನ್ನು ಒಳಗೆ ಕರೆದುಕೊಂಡು ಹೋಗುವ ಮುಂಚೆ ಪಂಪ್ ನಡೆಸುವ ಟೆಕ್ನಿಷಿಯನ್ ಐದು ನಿಮಿಷ ನಮ್ಮ ಜೊತೆ ನಿಂತರು. ಪರ್ಫ್ಯೂಷನಿಸ್ಟ್ ಅಂತಾರೆ ಅವರಿಗೆ. ಹೃದಯ ಬದಲಿಸುವಾಗ ಅದರ ಕೆಲಸ ಮಾಡುವ ಯಂತ್ರ ಅವರದ್ದು. ಅವರೇ ಬಿಡಿಸಿ ಹೇಳಿದ್ದು. ಮಗು ಆಗ ಐದು ಕೆಜಿ. ಮೈಯಲ್ಲಿರುವ ರಕ್ತವೆಲ್ಲ ಸೇರಿ ನಾನೂರು ಎಂಎಲ್. ಎರಡು ಲೋಟ ಅಂತಿಟ್ಟುಕೊಳ್ಳಿ. ಯಂತ್ರದ ಕೊಳವೆಗಳು ತುಂಬೋಕೇ ಹೊರಗಿನ ರಕ್ತ ಬೇಕು. ಅದರಲ್ಲಿ ಕೆಂಪು ಕಣ ಓ ಗುಂಪಿನದ್ದು, ಪ್ಲಾಸ್ಮಾ ಮಾತ್ರ ಎಬಿ ಗುಂಪಿನದ್ದು. ಏಕೆಂದರೆ ಎಬಿ ಪ್ಲಾಸ್ಮಾದಲ್ಲಿ ಎ ವಿರುದ್ಧವೂ ಇಲ್ಲ, ಬಿ ವಿರುದ್ಧವೂ ಇಲ್ಲ. ಮಗುವಿನ ರಕ್ತವನ್ನು ಒಂದು ಕಡೆಯಿಂದ ತೆಗೆಯುತ್ತಾ ಇನ್ನೊಂದು ಕಡೆಯಿಂದ ಇದನ್ನು ತುಂಬುತ್ತಾ ಹೋಗುತ್ತಾರೆ. ತೊಳೆದ ಹಾಗೆ. ಹಳೇ ಆಂಟಿಬಾಡಿ ಹೊರಗೆ ಹೋಗುತ್ತದೆ. ಮಧ್ಯೆ ಲ್ಯಾಬಿಗೆ ಸ್ಯಾಂಪಲ್ ಓಡುತ್ತದೆ. ಟೈಟರ್ ಇಳಿದಿದೆ ಅಂತ ಲ್ಯಾಬಿನವರು ಹೇಳುವ ತನಕ ಹೊಸ ಹೃದಯಕ್ಕೆ ಅವಳ ರಕ್ತ ಹರಿಯಬಿಡುವುದಿಲ್ಲ.

ಅವಳ ರಕ್ತ ಎನ್ನುವುದಕ್ಕೆ ಆ ಹೊತ್ತಿಗೆ ಅರ್ಥ ಎಷ್ಟಿತ್ತೋ.

ಬೆಳಗ್ಗೆ ಏಳೂವರೆಗೆ ನರ್ಸ್ ಹೊರಗೆ ಬಂದು ಒಂದೇ ಮಾತು ಹೇಳಿ ಹೋದರು: ಲ್ಯಾಬಿನಿಂದ ಫೋನ್ ಬಂತು, ಏನೂ ಸಿಗುತ್ತಿಲ್ಲವಂತೆ. ಜೀವನದಲ್ಲಿ ಏನೂ ಸಿಗಲಿಲ್ಲ ಅನ್ನುವುದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. ಹನ್ನೊಂದು ಗಂಟೆಗೆ ಸರ್ಜನ್ ಬಂದರು. ಮಾಸ್ಕಿನ ದಾರದ ಗುರುತು ಕೆನ್ನೆ ಮೇಲಿತ್ತು. ತಾನಾಗೇ ಬಡಿಯೋಕೆ ಶುರು ಮಾಡಿತು, ಗುಲಾಬಿ ಬಣ್ಣದಲ್ಲಿದೆ ಅಂದರು. ಗಂಡ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಆಸ್ಪತ್ರೆಯಲ್ಲಿ ಇನ್ನೂ ಆರು ವಾರ. ಅದನ್ನೆಲ್ಲ ಉದ್ದಕ್ಕೆ ಹೇಳುವುದಿಲ್ಲ. ಒಂದು ಸೋಂಕು ಆಯಿತು, ಒಂದು ರಾತ್ರಿ ಕಿಡ್ನಿ ಮುಷ್ಕರ ಹೂಡಿತು, ಎರಡೂ ಸರಿಹೋದವು. ಕತ್ತಿನ ರಕ್ತನಾಳದಿಂದ ಸಣ್ಣ ತಂತಿ ಇಳಿಸಿ ಹೃದಯದಿಂದ ಎಳ್ಳುಕಾಳಿಗಿಂತ ಚಿಕ್ಕ ಚೂರು ತೆಗೆದು ನೋಡುತ್ತಾರೆ, ದೇಹ ತಿರಸ್ಕರಿಸುತ್ತಿದೆಯೋ ಇಲ್ಲವೋ ಅಂತ. ಬಯಾಪ್ಸಿಯ ಹಿಂದಿನ ರಾತ್ರಿ ನನಗೆ ಈಗಲೂ ನಿದ್ದೆ ಇಲ್ಲ. ದೇಹ ತಿರಸ್ಕರಿಸದ ಹಾಗೆ ತಡೆಯುವ ಔಷಧಿ ಟ್ಯಾಕ್ರೊಲಿಮಸ್, ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಜೀವನಪೂರ್ತಿ. ಗುಂಪು ಹೊಂದಲಿ ಬಿಡಲಿ, ಕಸಿಯಾದ ಎಲ್ಲರಿಗೂ ಇಂಥ ಔಷಧಿ ಇದ್ದೇ ಇರುತ್ತದೆ. ಮನೆಗೆ ಬಂದ ವರ್ಷ, ಹೃದಯ ಕೊಟ್ಟ ಮನೆಯವರಿಗೆ ಒಂದು ಕಾಗದ ಬರೆದೆವು. ಹೆಸರು, ಊರು ಏನೂ ಇರಬಾರದು, ಅಂಗದಾನದ ಕಚೇರಿ ಓದಿ ತಲುಪಿಸುತ್ತದೆ. ಹನ್ನೊಂದು ಸಲ ಬರೆದು ಹರಿದೆ. ಕೊನೆಗೆ ಕಳಿಸಿದ್ದರಲ್ಲಿ ನಾಲ್ಕೇ ಸಾಲು ಇತ್ತು. ಉತ್ತರ ಬಂದಿಲ್ಲ. ಬರಬೇಕು ಅಂತಲೂ ಇಲ್ಲ.

ನನಗೆ ಬೆರಗಾದದ್ದು ಆಮೇಲಿನ ವಿಷಯ. ಮಗು ಬೆಳೆದ ಮೇಲಾದರೂ ದೇಹ ಪಾಠ ಕಲಿತು ಎ ವಿರುದ್ಧ ತಿರುಗಿಬೀಳುತ್ತದೆ ಅಂತ ನಾನು ವರ್ಷಗಟ್ಟಲೆ ಹೆದರಿಕೊಂಡಿದ್ದೆ. ಹಾಗಾಗಲಿಲ್ಲ. ಇಂಥ ಎಷ್ಟೋ ಮಕ್ಕಳಲ್ಲಿ ಹಾಗಾಗುವುದಿಲ್ಲ ಅಂತ ಅದೇ ತಂಡ 2004ರಲ್ಲೇ ತೋರಿಸಿದೆ. ಪಾಠ ಶುರುವಾಗುವ ಮುಂಚೆಯೇ ಎ ಗುರುತು ಮನೆಯೊಳಗೆ ಬಂದು ಕೂತಿದೆಯಲ್ಲ, ದೇಹ ಅದನ್ನು ಮನೆಯವರ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತದೆ. ಬಿ ವಿರುದ್ಧದ ಆಂಟಿಬಾಡಿ ಮಾತ್ರ ಎಲ್ಲರ ಹಾಗೆ ಬೆಳೆಯಿತು. ನನ್ನದೇ ಗುಂಪು ಅದು! ನನ್ನ ರಕ್ತ ಕಂಡರೆ ಅವಳಿಗೆ ಆಗುವುದಿಲ್ಲ, ಯಾರೋ ಗೊತ್ತಿಲ್ಲದವರದ್ದು ಆಗುತ್ತದೆ. ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ ಅಂದರೆ ನಗಬೇಡಿ.

2022ರ ಆಗಸ್ಟ್‌ನಲ್ಲಿ ಮೊದಲ ಸಲ ಅವಳನ್ನು ಊರಿಗೆ ಕರೆದುಕೊಂಡು ಬಂದೆ. ಐದು ವರ್ಷ ದಾಟಿತ್ತು. ಔಷಧಿಯ ಹೊತ್ತು ಕದಲಿಸಲಿಲ್ಲ. ಅಲ್ಲಿಯ ಸಂಜೆ ಏಳು ಅಂದರೆ ಇಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅಮ್ಮ ಹೇಗೂ ಆಗ ಎದ್ದು ಹಂಡೆಗೆ ಉರಿ ಹಾಕುತ್ತಾಳೆ. ಮೊಮ್ಮಗಳು ಅರೆನಿದ್ದೆಯಲ್ಲಿ ಒಲೆ ಮುಂದೆ ಕೂತು ಸಿರಿಂಜಿನಲ್ಲಿ ಔಷಧಿ ಕುಡಿದು, ಅಜ್ಜಿ ತೊಡೆ ಮೇಲೇ ಮತ್ತೆ ಮಲಗುತ್ತಿದ್ದಳು.

ಹಿತ್ತಲಲ್ಲಿ ಚಕ್ಕೋತದ ಮರ ಜಗ್ಗಿ ಬಿಟ್ಟಿತ್ತು. ದೇವನಹಳ್ಳಿಯ ಚಕ್ಕೋತ, ಗೊತ್ತಲ್ಲ, ಒಳಗೆ ಕೆಂಪು ತೊಳೆ. ಅದನ್ನು ಅವಳು ಮುಟ್ಟುವ ಹಾಗಿಲ್ಲ. ದ್ರಾಕ್ಷಿಹಣ್ಣಿನ ಹೆಸರಿಟ್ಟುಕೊಂಡ ಗ್ರೇಪ್‌ಫ್ರೂಟ್ ಇದೆಯಲ್ಲ, ಅದೂ ಇದೂ ಒಂದೇ ಬಳಗ. ತಿಂದರೆ ಟ್ಯಾಕ್ರೊಲಿಮಸ್ ರಕ್ತದಲ್ಲಿ ಏರಿ ವಿಷವಾಗುತ್ತದೆ. ಅಮ್ಮ ಮರದ ಕಾಯಿ ಎಲ್ಲ ಇಳಿಸಿ ಬೀದಿಯವರಿಗೆ ಹಂಚಿಬಿಟ್ಟಳು. ಮಗು ಕೇಳುವ ಮುಂಚೆಯೇ.

ಹೊರಡುವ ಮೊದಲು ಟೊರಾಂಟೊದ ನರ್ಸ್ ಒಂದು ಕೆಲಸ ವಹಿಸಿದ್ದರು. ಎಮರ್ಜೆನ್ಸಿಯಲ್ಲಿ ಎಬಿ ಪ್ಲಾಸ್ಮಾ ಎಲ್ಲಿ ಸಿಗುತ್ತದೆ ನೋಡಿಟ್ಟುಕೊಳ್ಳಿ ಅಂತ. ಅವಳ ಕೆಂಪು ಕಣ ಇವತ್ತಿಗೂ ಓ. ಯಾರಾದರೂ ಅವಸರದಲ್ಲಿ ಓ ಗುಂಪಲ್ವಾ ಅಂತ ಓ ಪ್ಲಾಸ್ಮಾ ಏರಿಸಿದರೆ ಅದರಲ್ಲಿ ಎ ವಿರುದ್ಧದ ಆಂಟಿಬಾಡಿ ತುಂಬಿರುತ್ತದೆ, ನೇರ ಹೃದಯಕ್ಕೆ. ಕೈಯಲ್ಲಿ ಒಂದು ಬಳೆ ಇದೆ, ಅದರ ಮೇಲೆ ಇದನ್ನೇ ಕೊರೆಸಿದ್ದೇವೆ. ಬೆಂಗಳೂರಿನ ಒಂದು ರಕ್ತನಿಧಿಯಲ್ಲಿ ಅಪ್ಪನ ಹಳೇ ವಿದ್ಯಾರ್ಥಿ ಟೆಕ್ನಿಷಿಯನ್. ಅಲ್ಲಿಗೆ ಹೋದೆವು. ಟ್ಯಾಕ್ರೊಲಿಮಸ್ ಟೆಸ್ಟಿಗೆ ಹೇಗೂ ಆವತ್ತು ರಕ್ತ ತೆಗೆಸಬೇಕಿತ್ತು. ಅಪ್ಪ ಮೆಲ್ಲಗೆ, “ಒಂದೆರಡು ಹನಿ ಮಿಕ್ಕಿದ್ರೆ ಗ್ರೂಪಿಂಗ್ ಮಾಡಪ್ಪ, ಎರಡೂ ಕಡೆಯಿಂದ ಮಾಡು” ಅಂದರು. ಐದು ವರ್ಷದಿಂದ ಕಾದಿದ್ದರು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಮೊದಲು ಅವಳ ಕಣ. ಎ ವಿರುದ್ಧದ ಸೀರಮ್ ಹಾಕಿದರೂ ಗಂಟು ಕಟ್ಟಲಿಲ್ಲ, ಬಿ ವಿರುದ್ಧದ್ದು ಹಾಕಿದರೂ ಇಲ್ಲ. ಓ. ಆಮೇಲೆ ಅವಳ ಪ್ಲಾಸ್ಮಾಕ್ಕೆ ಬೇರೆಯವರ ಕಣ ಬೆರೆಸಿ ತಿರುಗಿಸಿದ. ಬಿ ಕಣದ ಟ್ಯೂಬ್ ಅಲ್ಲಾಡಿಸಿದಾಗ ತಳದಲ್ಲಿದ್ದ ಕೆಂಪು ಗುಂಡಿ ಗಟ್ಟಿಯಾಗಿ ಹಾಗೇ ಎದ್ದು ಬಂತು. ಎ ಕಣದ್ದು ಅಲ್ಲಾಡಿಸಿದ. ಗುಂಡಿ ಕರಗಿ ಕೆಂಪು ಹೊಗೆಯ ಹಾಗೆ ಮೇಲಕ್ಕೆ ಹರಡಿತು. ಇನ್ನೊಂದು ಸಲ ಮಾಡಿದ. ಅದೇ.

“ಸಾರ್, ತಾಳೆ ಆಗ್ತಿಲ್ಲ. ಕಣ ನೋಡಿದ್ರೆ ಓ, ಪ್ಲಾಸ್ಮಾ ನೋಡಿದ್ರೆ ಎ ಗುಂಪಿನವರ ಥರ ಇದೆ. ಏನಂತ ಬರೀಲಿ?”

ಅಪ್ಪ ಟ್ಯೂಬನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಮಗಳು ಅವರ ಅಂಗಿ ಜಗ್ಗಿ, “ತಾತ, ನಾನು ಪಾಸಾ?” ಅಂದಳು.

“ಓ ಅಂತಲೇ ಬರಿಯಪ್ಪ. ಕೆಳಗೆ ಎರಡು ಸಾಲು ಜಾಗ ಬಿಡು” ಅಂದರು ಅಪ್ಪ, ಜೇಬಿನಿಂದ ಕೆಂಪು ಪೆನ್ನು ತೆಗೆಯುತ್ತಾ.